ಕೂದಲು ಹಚ್ಚುವ ಕೈ

ಒಂದಾನೊಂದು ಊರು, ಅದು ಹೂವಿನ ಹಿಪ್ಪರಗಿ. ಅಲ್ಲೊಬ್ಬ ಇಜಾಜನಿದ್ದ. ಅವನಿಗೆ ಹೊಲವಿತ್ತು, ಮೊಬೈಲ್ ಅಂಗಡಿಯಿತ್ತು, ಮುಂದಲೆಯಲ್ಲಿ, ನೆತ್ತಿಯಲ್ಲಿ ಮಾತ್ರ ಕೂದಲಿರಲಿಲ್ಲ. ಕೂದಲು ನೆಡಿಸಲು ಈ ವಾರವೇ ಡಾಕ್ಟರನ್ನು ಆರಿಸುತ್ತೇನೆಂದು, ನಿಶ್ಚಯವಾದ ಹುಡುಗಿ ನಾಜಿಮಾಗೆ ಮಾತು ಕೊಟ್ಟಿದ್ದ. ಆದರೆ ತಲೆಯ ಹಿಂದಿನ ಕೂದಲು ಕಿತ್ತು ಮುಂದೆ ನೆಡಬೇಕು. ಕೆಟ್ಟರೆ ಅದು ಮತ್ತೆ ಹುಟ್ಟದು. ಆ ಅಂಜಿಕೆಗೆ ಅವನಿಗೆ ರೊಟ್ಟಿಯೇ ಸೇರುತ್ತಿರಲಿಲ್ಲ.

ಕಡೆಗೆ, ಉಳ್ಳಾಗಡ್ಡಿ ಅಗಿ ಹಚ್ಚುವುದರಲ್ಲಿ, ಅಂದರೆ ಈರುಳ್ಳಿ ಸಸಿ ನೆಡುವುದರಲ್ಲಿ, ಹೆಸರಾದ ತಾಯಿ ಶಮಶಾದಬಿಯನ್ನೇ ಕರೆದುಕೊಂಡು ವಿಜಯಪುರಕ್ಕೆ ಹೋದ.

"ಒಂದ ದಿನದಾಗ ತಲಿ ತುಂಬಸ್ತೀವ್ರಿ," ಎಂದರು ಮೊದಲ ಡಾಕ್ಟರು.

"ಹಚ್ಚವ್ರು ನೀವೇನ್ರಿ?" ಎಂದಳು ಶಮಶಾದಬಿ.

"ಇಲ್ರಿ, ನಮ್ಮ ಸ್ಟಾಫ್ ಹಚ್ತಾರ."

"ಏಳೋ ಇಜಾಜ. ಮಾಲಕ ಬದುವಿನ ಮ್ಯಾಲ ನಿಂತ್ರ ಅಗಿ ಸೊಟ್ಟ ನಿಲ್ತಾವ."

ಎರಡನೆಯ ದವಾಖಾನೆಯ ಡಾಕ್ಟರಮ್ಮ ಅವನ ತಲೆಯನ್ನು ಭೂತಗನ್ನಡಿಯಲ್ಲಿ ನೋಡಿದರು. "ಚರ್ಮದ ಪಟ್ಟಿ ಕೊಯ್ದು ತಗದ್ರ ಹಿಂದ ಗೆರಿ ಉಳಿತೈತಿ. ನೀವು ಕೂದಲ ಸಣ್ಣಗ ಬಿಡವ್ರು, ಅದು ಎದ್ದು ಕಾಣ್ತೈತಿ. ಒಂದೊಂದ ಬೇರು ಕಿತ್ತು ನಾನ ಹಚ್ತೇನಿ. ನೆತ್ತಿ ಸದ್ಯಕ್ಕ ಬ್ಯಾಡ, ಹಿಂದ ಅಷ್ಟು ಕೂದಲಿಲ್ಲ."

ಮಗನ ಹಿಂದಲೆ ಮುಟ್ಟಿದ ಶಮಶಾದಬಿಯ ಮುಖ ಅರಳಿತು. "ಅಗಿ ಕೀಳೂ ಮಡಿ ಬರಿದ ಮಾಡವ್ರಲ್ಲ ಇವ್ರು. ಇಲ್ಲೇ ಹಚ್ಚಿಸ್ಕೋ, ಮಗನ."

ಇಜಾಜನ ಎದೆಯ ಭಾರ ಇಳಿಯಿತು. ಅಲ್ಲೇ ನಿಂತು ನಾಜಿಮಾಗೆ ಫೋನ್ ಹಚ್ಚಿ, "ಡಾಕ್ಟರು ಸಿಕ್ರು," ಎಂದ.