ಎಡಗೈಯಲ್ಲಿ ಉಳಿದ ಬೀಜ

ಹದಿಮೂರು ಹುಣಸೆಬೀಜಗಳು ಬಲಗೈಗೆ ಬಂದಿದ್ದವು. ಒಂದು ಎಡಗೈಯಲ್ಲೇ ಉಳಿದಿತ್ತು. ಬಾವಿಯೊಳಗಿಂದ ಹೊಗೆ ಇನ್ನೂ ಏಳುತ್ತಿರುವಾಗಲೇ ಚೆನ್ನಿಯಪ್ಪನ್ ಎರಡೂ ಮುಷ್ಟಿ ಬಿಚ್ಚಿ ಮತ್ತೊಮ್ಮೆ ನೋಡಿಕೊಂಡರು.

"ಹದ್ಮೂರೇ ಆಗದೆ. ಒಂದು ಕುಳಿದು ವೇಟು ಹೊಡೀಲಿಲ್ಲ, ಮದ್ದು ಒಳಗೇ ಅದೆ," ಎಂದರು.

ತಳದ ಬಂಡೆಯಲ್ಲಿ ಹದಿನಾಲ್ಕು ಕುಳಿ ಕೊರೆದು, ಮದ್ದು ತುಂಬಿ, ಬತ್ತಿಗೆ ಬೆಂಕಿ ಕೊಟ್ಟು ಮೇಲೆ ಬಂದವನು ಕುಪ್ಪುಸಾಮಿ. ತೊಂಡಾಮುತ್ತೂರಿನ ಸುತ್ತ ಬಾವಿ ಆಳ ಮಾಡಿಸುವವರೆಲ್ಲ ಅವನನ್ನೇ ಕರೆಯುತ್ತಿದ್ದರು. ಅವನು ಬೀಡಿ ಹಚ್ಚುತ್ತ ನಕ್ಕ. "ಪದಿನಾಲು ಸರಿಯಾ ಇರುಕ್ಕು, ಅಯ್ಯಾ." ಹದಿನಾಲ್ಕೂ ಸರಿಯಾಗಿದೆ ಎಂದು ಅವನ ತಮಿಳು.

ಆ ಮನೆಯಲ್ಲಿ ಒಂದು ಪದ್ಧತಿ ಇತ್ತು. ಬಾವಿಯಲ್ಲಿ ಬಂಡೆ ಒಡೆಯುವಾಗ ಮನೆಯ ಹಿರಿಯ ಬೇವಿನ ಮರದ ಕೆಳಗೆ ಬಾವಿಗೆ ಬೆನ್ನು ಹಾಕಿ ಕೂರಬೇಕು. ಕುಳಿಗೊಂದರಂತೆ ಬೀಜ ಹಿಡಿದು, ಒಂದೊಂದು ಸದ್ದಿಗೂ ಒಂದೊಂದನ್ನು ಆ ಕೈಯಿಂದ ಈ ಕೈಗೆ ದಾಟಿಸಬೇಕು. ಎಡಗೈ ಖಾಲಿಯಾಗದೆ ಯಾರೂ ಕೆಳಗಿಳಿಯುವ ಹಾಗಿಲ್ಲ. ನೌಕಾಪಡೆಯಿಂದ ಬಂದ ಮೇಲೆ ಆ ಕೆಲಸ ಚೆನ್ನಿಯಪ್ಪನ್ ಅವರದೇ ಆಗಿತ್ತು. ಕಡಲಿನ ಬಾಂಬನ್ನೇ ಎಣಿಸಿದವರಿಗೆ ಬಾವಿಯದು ಯಾವ ಲೆಕ್ಕ ಎನ್ನುತ್ತಿದ್ದರು ಜನ. ಈಗ ವಯಸ್ಸು ಎಪ್ಪತ್ತಾರು, ಎಡಗಿವಿ ಪೂರ್ತಿ ಮುಚ್ಚಿಹೋಗಿದೆ. ಪದ್ಧತಿ ಉಳಿದಿತ್ತು, ಅವರ ಮಾತಿನ ತೂಕ ಮಾತ್ರ ಇಳಿದಿತ್ತು.

ಮೊಮ್ಮಗಳು ಕಾರ್ತಿಕಾಳ ಗಂಡ ಸತೀಶ್‌ಕುಮಾರ್ ತಲೆಗೆ ಟವೆಲ್ ಸುತ್ತಿಕೊಳ್ಳುತ್ತಿದ್ದ. ಮೊದಲು ಇಳಿದು ಕಲ್ಲು ನೋಡಬೇಕಾದವನು ಅವನೇ. "ತಾತಾ, ನಾನೂ ಎಣಿಸ್ದೆ, ಹದ್ನಾಲ್ಕು. ನಿಮಗ ಒಂದು ಕಿವಿ ಕೇಳಾದೇ ಇಲ್ಲ."

"ಬೆಟ್ಟ ತಿರುಗಿ ಕೊಟ್ಟ ಸದ್ದನ್ನೂ ಸೇರ್ಸಿ ಎಣಿಸಿದ್ದೀಯ, ಮಗಾ. ನಾಳೆ ಗಂಟ ತಡಿ. ನೀರು ಬಿಟ್ಟು ಮದ್ದು ನೆನಸಾಣ."

"ಸಾಯಂಕಾಲ ಕ್ರೇನು ಮೆಟ್ಟುಪಾಳ್ಯಕ್ಕ ಹೋಗಬೇಕು. ಆಮೇಲೆ ತಿಂಗಳಾದರೂ ಸಿಕ್ಕದಿಲ್ಲ."

ಊರಿಗೆಲ್ಲ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ ಎಂದು ತಾತನನ್ನು ಹಂಗಿಸುವಂತೆ ಸತೀಶ್ ಕುಪ್ಪುಸಾಮಿಯ ಕಡೆ ನೋಡಿ ಕಣ್ಣು ಮಿಟುಕಿಸಿದ. ಒಳ್ಳೆಯ ಹುಡುಗನೇ, ಆದರೆ ಅವಸರ ಅವನ ಹುಟ್ಟುಗುಣ. ಆಳು ಇಳಿಸುವ, ಕಲ್ಲು ಎತ್ತುವ ಕ್ರೇನಿನ ತೊಟ್ಟಿ ಬಾವಿಯ ಬಾಯಿಗೆ ನೇರವಾಗಿ ತೂಗುತ್ತಿತ್ತು. ಇಂಜಿನ್ ತಿರುಗಿಸುವ ಕಬ್ಬಿಣದ ಹ್ಯಾಂಡಲ್ ಕಟ್ಟೆಯ ಮೇಲಿತ್ತು.

ಕಾರ್ತಿಕಾ ಮಜ್ಜಿಗೆ ಚೊಂಬು ಹಿಡಿದು ಬರುವ ಹೊತ್ತಿಗೆ ತಾತ ಎದ್ದು, ಹದಿಮೂರು ಬೀಜವನ್ನು ಕಟ್ಟೆಯ ಮೇಲಿಟ್ಟು, ಬಲಗೈಯಿಂದ ತೊಟ್ಟಿಯ ಅಂಚನ್ನು ಬಿಗಿಯಾಗಿ ಹಿಡಿದಿದ್ದರು.

"ಹಡಗಿನ ಕತೆ ಶುರು ಆಗ್ತದೆ ನೋಡು," ಎಂದ ಸತೀಶ್.

ಆ ಕತೆ ಕಾರ್ತಿಕಾಳಿಗೆ ಬಾಯಿಪಾಠ. ಎಪ್ಪತ್ತೊಂದರ ಯುದ್ಧ. ಕಬ್ಬಿಣ ಕಂಡರೆ ಸಿಡಿಯುವ ಮೈನುಗಳಿರುವ ಕಡಲಾದ್ದರಿಂದ ಮರದಲ್ಲೇ ಕಟ್ಟಿದ ಹಡಗು. ಹಿಂದೆ ಎಳೆದುಕೊಂಡು ಹೋಗುವ ತಂತಿ ನೀರಿನಡಿಯ ಸರಪಳಿಯನ್ನು ಕತ್ತರಿಸಿದರೆ ಮೈನು ಮೇಲೆ ತೇಲುತ್ತದೆ, ಅದನ್ನು ಬಂದೂಕಿನಿಂದ ಹೊಡೆಯಬೇಕು. ತಮ್ಮ ಅಮ್ಮ ಕಟ್ಟಿಕೊಟ್ಟ ಹುಣಸೆಹಣ್ಣಿನ ಬೀಜದಲ್ಲಿ ತಾತ ಲೆಕ್ಕ ಇಟ್ಟರು. ಎಷ್ಟು ತಾತಾ, ಎಂದು ಮಕ್ಕಳು ಕೇಳಬೇಕು. ಒಂಬತ್ತು! ಎಂದು ಮಕ್ಕಳೇ ಕೂಗಬೇಕು.

"ಎಂಟು," ಎಂದರು ಚೆನ್ನಿಯಪ್ಪನ್.

ಕಾರ್ತಿಕಾ ಚೊಂಬು ಕೆಳಗಿಟ್ಟಳು. "ಒಂಬತ್ತಲ್ಲವಾ ತಾತಾ?"

"ಎಂಟೇ, ನನ್ನ ಕಣ್ಣೇ. ಮಂಜು ಕವಿದಿತ್ತು. ಒಂದನ್ನೇ ಇಬ್ಬರು ಕಂಡು ಎರಡು ಅಂತ ಬರಸಿದರು. ಒಂಬತ್ತು ತೆಗೀಬೇಕಿತ್ತು, ಒಂಬತ್ತು ಆಯ್ತು ಅಂತ ಎಲ್ಲರಿಗೂ ಕುಸಿ. ಬಂದರಿಗೆ ವಾಪಸ್ ಹೋಗಾ ಆಸೆ. ಸಾಹೇಬರು ನನ್ನ ಕೇಳಿದರು, ಒಂಬತ್ತೇನಯ್ಯಾ ಅಂತ. ಒಂದು ಬೀಜ ಎಡಗೈಯಲ್ಲೇ ಇತ್ತು. ನಾನು ಹೂಂ ಅಂದೆ."

ಕುಪ್ಪುಸಾಮಿ ಬಾಯಿಂದ ಬೀಡಿ ತೆಗೆದ.

"ದಾರಿ ಸುದ್ದ ಅಂತ ಬೆಳಿಗ್ಗೆ ಮೀನುಗಾರರ ದೋಣಿ ಬಿಟ್ಟರು. ಅದರಾಗ ಹೆಂಗಸರೂ ಇದ್ದರು. ಉಳಿದ ಒಂದು ಆ ದೋಣಿ ಕೆಳಗೆ ಹೊಡೀತು." ಐವತ್ತು ವರ್ಷ ಮಕ್ಕಳ ಬಾಯಲ್ಲಿ ಒಂಬತ್ತು ಎನ್ನಿಸಿಕೊಂಡ ಮನುಷ್ಯ ನಾಚಿಕೆಯಿಂದ ತಲೆ ಎತ್ತಲಾರದೆ ನಿಂತಿದ್ದರು.

ಸತೀಶನಿಗೂ ಕಸಿವಿಸಿಯಾಯಿತು. ಆದರೆ ಕುಪ್ಪುಸಾಮಿ, ಹೆಂಡತಿಯ ಮುಂದೆ ಹಿಂದೆ ಸರಿಯುವುದು ಅವನಿಂದ ಆಗದ ಕೆಲಸ. ತಾತನ ಬೆರಳುಗಳನ್ನು ಮೆಲ್ಲಗೆ ಬಿಡಿಸುತ್ತ, "ಅದು ಕಡಲು ತಾತಾ, ಇದು ನಮ್ಮ ಬಾವಿ," ಎಂದು ತೊಟ್ಟಿಯ ಕಡೆಗೆ ಕಾಲೆತ್ತಿದ.

"ಮಾಮಾ," ಎಂದಳು ಕಾರ್ತಿಕಾ ಗಂಡನಿಗೆ. "ಹದ್ನಾಲ್ಕೂ ಹೊಡದದೆ ತಾನೆ?"

"ಎಷ್ಟು ಸಲ ಹೇಳದು? ಹೊಡದದೆ."

ಅವಳು ಕಟ್ಟೆಯ ಮೇಲಿದ್ದ ಹ್ಯಾಂಡಲನ್ನು ಎರಡೂ ಕೈಯಲ್ಲಿ ಎತ್ತಿ ಬಾವಿಯೊಳಕ್ಕೆ ಬಿಟ್ಟಳು.

ಕಬ್ಬಿಣ ಗೋಡೆಗೆ ಒಮ್ಮೆ ತಗುಲಿತು. ಕೆಳಗೆ, ಬಹಳ ಕೆಳಗೆ, ಬಂಡೆಗೆ ಬಡಿದು ಠಣ್ಣೆಂದಿತು. ಬೆಟ್ಟ ಆ ಸದ್ದನ್ನು ತಿರುಗಿ ಕೊಟ್ಟಿತು. ಆಮೇಲೆ ನೀರು ತೊಟ್ಟಿಕ್ಕುವ ಸದ್ದು ಮಾತ್ರ.

ಕುಪ್ಪುಸಾಮಿ ಬೇವಿನ ಮರದ ಹಿಂದೆ ಅಡಗಿದ್ದ. ಅವನ ಬೀಡಿ ಬಾವಿಕಟ್ಟೆಯ ಹತ್ತಿರ ಬಿದ್ದು ಹೊಗೆಯಾಡುತ್ತಿತ್ತು. ಸತೀಶ್‌ಕುಮಾರ್ ತೊಟ್ಟಿಯಿಂದ ಹತ್ತು ಮಾರು ದೂರದಲ್ಲಿ, ಎರಡೂ ಕೈಗಳಿಂದ ತಲೆ ಮುಚ್ಚಿಕೊಂಡು ನೆಲಕ್ಕೆ ಕವುಚಿ ಬಿದ್ದಿದ್ದ.

ಸ್ವಲ್ಪ ಹೊತ್ತಿಗೆ ಅವನು ಎದ್ದು ಕೂತ. ಯಾರ ಮುಖವನ್ನೂ ನೋಡದೆ ಟವೆಲ್ ಬಿಚ್ಚಿ ಬಾಯಿಯ ಮಣ್ಣು ಒರೆಸಿಕೊಂಡ. ಆಮೇಲೆ ಬಾವಿಗೆ ನೀರು ಬಿಡಲು ಮೋಟಾರಿನ ಮನೆಯ ಕಡೆಗೆ ನಡೆದ.

ಬಾವಿಯ ಅಂಚಿನಲ್ಲಿ ತಾತ ನಿಂತಲ್ಲೇ ನಿಂತಿದ್ದರು. ಕಾರ್ತಿಕಾ ಅವರ ಎಡಗೈ ಬಿಚ್ಚಿದಾಗ ಬೀಜ ಬೆವರಿಗೆ ಒದ್ದೆಯಾಗಿ ಅಂಗೈಗೆ ಅಂಟಿಕೊಂಡಿತ್ತು.