ಎಂಟನೇ ಪುಟದ ಹಕ್ಕಿ

ಪುಸ್ತಕ ಬರುವ ಮೊದಲೇ ಮೂರನೇ ಕ್ಲಾಸಿನ ಮಿಸ್ ಮಕ್ಕಳನ್ನು ಕಥೆಗೆ ಅಣಿ ಮಾಡಿದ್ದರು. ಸಾಕಿದ ಹಕ್ಕಿಯ ಕಥೆ ಎಂದಷ್ಟೇ ಅವರಿಗೂ ಗೊತ್ತಿದ್ದದ್ದು. ಮೂರು ದಿನ ಪಂಜರ, ಪುಕ್ಕ, ಕೊಕ್ಕು ಎಂದು ಬೋರ್ಡಿನ ಮೇಲೆ ಬರೆದು ಓದಿಸಿ, ರಟ್ಟಿನ ಹಕ್ಕಿಯೊಂದನ್ನು ಮಾಡಿಸಿದ್ದರು. ಮಕ್ಕಳು ಅದಕ್ಕೆ ಗುಂಡ ಎಂದು ಹೆಸರಿಟ್ಟು, ಹತ್ತಿ ಹಾಸಿ ಮಲಗಿಸಿ, ಮನೆಯಿಂದ ಕಾಳು ತಂದು ಸುರಿದಿದ್ದರು.

ಇವತ್ತು ಪುಸ್ತಕದ ಕಟ್ಟು ಬಂತು. ಪಾಠ ನೋಡಲು ಬಂದ ಹೆಡ್‌ಮೇಡಂ ಬಾಗಿಲಿಗೇ ಕುರ್ಚಿ ಒತ್ತಿಕೊಂಡು ಕೂತರು. ಪುಸ್ತಕ ಹಂಚುತ್ತಾ ಕೊನೆಯ ಪುಟದ ಮೇಲೆ ಕಣ್ಣಾಡಿಸಿದ ಮಿಸ್ ಅಲ್ಲೇ ನಿಂತುಬಿಟ್ಟರು. ಎಂಟನೇ ಪುಟದಲ್ಲಿ ಹಕ್ಕಿ ಸತ್ತುಹೋಗಿತ್ತು.

"ಮೇಡಂ, ಇವತ್ತು ಬರೀ ಚಿತ್ರ ತೋರಿಸ್ಲಾ?"

"ಮೂರು ದಿನ ತಟ್ಟೆ ತೊಳೆದಿದ್ದೇ ಆಯ್ತು, ಇನ್ನಾದ್ರೂ ಬಡಿಸಿ. ಇರೋದು ಎಂಟೇ ಪುಟ."

ಮಕ್ಕಳು ಗೊಳ್ಳೆಂದು ನಕ್ಕರು. ಒಬ್ಬಳು, "ಗುಂಡನೂ ಕಥೆ ಕೇಳ್ಲಿ ಮಿಸ್," ಎನ್ನುತ್ತಾ ರಟ್ಟಿನ ಹಕ್ಕಿಯನ್ನು ತಂದು ಮೇಜಿನ ಮೇಲೆ ಕೂರಿಸಿದಳು.

ಆಗ ಹಿಂದಿನ ಬೆಂಚಿನಿಂದ ಎಕ್ಸ್‌ಪ್ರೆಸ್ ಎದ್ದು ನಿಂತಳು. ಉಸಿರು ಬಿಡದೆ ಓದುತ್ತಾಳೆಂದು ಅವಳಿಗೆ ಆ ಹೆಸರು. ಯಾವ ಪುಸ್ತಕ ಸಿಕ್ಕಿದರೂ ಮೊದಲು ಕೊನೆಯ ಪುಟವನ್ನೇ ಓದುವವಳು. ಅವಳ ಮುಖ ಬಾಡಿತ್ತು.

"ಮಿಸ್, ನಾನ್ ಓದ್ಲಾ? ಇವತ್ಯಾಕೋ ಬೇಗ ಓದಕ್ಕೆ ಆಗ್ತಿಲ್ಲ, ಅಕ್ಷರ ಕೂಡಿಸ್ಕೊಂಡು ಓದ್ತೀನಿ."

"ಓದಮ್ಮಾ," ಎಂದರು ಮಿಸ್.

"ಒಂ...ದು... ಊ...ರ...ಲ್ಲಿ..."

ಹೆಡ್‌ಮೇಡಂ ಗಡಿಯಾರ ನೋಡಿದರು. ಮಿಸ್ ಅವಳನ್ನು ತಿದ್ದಲೂ ಇಲ್ಲ, ಅವಸರಪಡಿಸಲೂ ಇಲ್ಲ. ಗಂಟೆ ಹೊಡೆಯಲು ಇನ್ನೂ ಇಪ್ಪತ್ತೆರಡು ನಿಮಿಷವಿತ್ತು.