ಮೆತ್ತನೆಯ ಜಾಗ

ಮೇಷ್ಟ್ರು ಕೈ ಹಿಡಿದುಕೊಂಡು ಸಮಾಧಾನ ಹೇಳುತ್ತಿದ್ದ ಮಾತು ಇನ್ನೂ ಅರ್ಧದಲ್ಲಿತ್ತು, ಏಣಿರಾಯರು ಕೈ ಕೊಸರಿಕೊಂಡು ಎದ್ದುಬಿಟ್ಟರು. ಮನೆಯ ಹಿಂದಿನ ಅಂಗಳದಿಂದ ಏಣಿಯನ್ನು ತಗಡಿಗೆ ಒರಗಿಸಿದ ಸದ್ದು ಬಂದಿತ್ತು. ಮೂವತ್ತು ವರ್ಷ ಆ ಏಣಿಯ ಬುಡ ಹಿಡಿದು ನಿಂತವರಿಗೆ ಆ ಸದ್ದು ಹೊಸದೇನಲ್ಲ. ಆದರೆ ಏಣಿ ಹತ್ತಬೇಕಾದ ಹೆಂಡತಿ ಈಗ ಅವರ ಕಣ್ಣೆದುರೇ, ಹಾಲ್‌ನ ನಡುವೆ, ಬಿಳಿ ಬಟ್ಟೆ ಹೊದ್ದು ಮಲಗಿದ್ದಳು.

“ಮಗಳೆಲ್ಲಿ?” ಎಂದರು.

“ಇಲ್ಲೇ ಇದ್ಲಲ್ಲ, ಅಕ್ಕನ ಕಾಲ ಹತ್ರ,” ಎಂದಳು ಹೆಂಡತಿಯ ತಂಗಿ. “ಕೂತ್ಕೊಳ್ಳಿ ಭಾವ. ಗಾಡಿ ಬರೋ ಹೊತ್ತಾಯ್ತು.”

ಭಾವ ಕೂರಲಿಲ್ಲ. ಚಪ್ಪಲಿಯನ್ನೂ ಮೆಟ್ಟದೆ ಹಿಂಬಾಗಿಲ ಕಡೆ ಓಡಿದರು. ಬಂದಿದ್ದವರು, ಪಾಪ, ದುಃಖಕ್ಕೆ ತಲೆ ಕೆಟ್ಟಿರಬೇಕು ಎಂದುಕೊಂಡು ದಾರಿ ಬಿಟ್ಟರು.

ಏಣಿರಾಯರ ನಿಜವಾದ ಹೆಸರು ಬೀದಿಯವರಿಗೆ ಎಂದೋ ಮರೆತುಹೋಗಿತ್ತು. ಕಾರಿನ ಹಿಂದೆ ಕಟ್ಟಿಕೊಂಡು ಊರೂರು ಸುತ್ತುತ್ತಾರಲ್ಲ, ಒಳಗೇ ಹಾಸಿಗೆ, ಒಲೆ ಎಲ್ಲ ಇರುವ ಟ್ರೇಲರ್‌ಗಳು, ಅವುಗಳ ಸೋರುವ ಚಾವಣಿ ರಿಪೇರಿ ಮಾಡುವುದು ಗಂಡ ಹೆಂಡತಿಯ ಕಸುಬು. ಹತ್ತುವವಳು ಹೆಂಡತಿ. ಅವಳ ತೂಕ ನಲವತ್ತೆರಡು ಕಿಲೋ ದಾಟಿದ್ದೇ ಇಲ್ಲ, ಹಾಗಾಗಿ ಅವಳು ಹಗುರಮ್ಮ. ಗಂಡನ ಕೆಲಸ ಕೆಳಗೆ ನಿಂತು ಏಣಿ ಹಿಡಿಯುವುದು ಮತ್ತು ಹೆದರುವುದು. ಈ ಎರಡನೆಯ ಕೆಲಸವನ್ನು ಅವರು ಮೊದಲನೆಯದಕ್ಕಿಂತ ಹೆಚ್ಚು ಶ್ರದ್ಧೆಯಿಂದ ಮಾಡುತ್ತಿದ್ದರು. ಬೆಳಿಗ್ಗೆ ಚಾವಣಿಯ ಅಂಚು ಮುಟ್ಟಿ ಇಬ್ಬನಿ ಆರಿದೆಯೇ ನೋಡುವರು. ಕರವಸ್ತ್ರ ಎತ್ತಿ ಹಿಡಿದು ಗಾಳಿ ನೋಡುವರು. ಅವಳ ಬೂಟಿನ ಲೇಸನ್ನು ತಾವೇ ಬಗ್ಗಿ ಕಟ್ಟುವರು. ಮೇಲೆ ಹೋದ ಮೇಲೂ “ಅಂಚಿಗೆ ಹೋಗಬೇಡ್ವೇ, ನಿಲ್ಲಬೇಡ್ವೇ, ಮಂಡಿ ಮೇಲೇ ಇರು” ಎಂದು ಬಾಯಿ ಮುಚ್ಚದೆ ಜಪಿಸುವರು.

“ಹತ್ತೋದು ನನ್ನ ಕೆಲಸ, ಹೆದರೋದು ನಿಮ್ಮ ಕೆಲಸ,” ಎನ್ನುತ್ತಿದ್ದಳು ಅವಳು. “ಇಬ್ಬರೂ ಹೆದರಿದ್ರೆ ಸೋರೋದನ್ನ ನಿಲ್ಲಿಸೋರು ಯಾರು?”

ಅಂಗಳದಲ್ಲಿ ಮೇಷ್ಟ್ರ ಟ್ರೇಲರ್ ನಿಂತಿತ್ತು. ಅದರ ಚಾವಣಿಯ ನಡುವೆ, ಗಾಳಿಗಂಡಿಯ ಹಳೆಯ ಮುಚ್ಚಳವನ್ನು ನಿನ್ನೆ ಹಗುರಮ್ಮ ಕಿತ್ತು ತೆಗೆದಿದ್ದಳು. ಹೊಸದನ್ನು ಬೆಳಿಗ್ಗೆ ಕೂರಿಸಿದರಾಯಿತೆಂದು ತೂತಿಗೆ ಪ್ಲಾಸ್ಟಿಕ್ ಹಾಳೆ ಅಂಟಿಸಿ ಇಳಿದಿದ್ದಳು. ಬೆಳಿಗ್ಗೆ ಅವಳೇ ಏಳಲಿಲ್ಲ. ಮಧ್ಯಾಹ್ನದಿಂದ ಗಾಳಿ ಎದ್ದು ಆ ಹಾಳೆ ಪಟಪಟ ಬಡಿದುಕೊಳ್ಳುತ್ತಿತ್ತು. ಒಳಗೆ ಅಳುವವರ ಸದ್ದಿನ ನಡುವೆಯೂ ಅದು ಕೇಳುತ್ತಲೇ ಇತ್ತು. ಈಗ ಪಶ್ಚಿಮದಲ್ಲಿ ಮೋಡ ಕಪ್ಪಾಗಿ ಕಟ್ಟಿತ್ತು.

ಏಣಿಯ ಮೇಲೆ ಯಾರೂ ಇರಲಿಲ್ಲ. ಮಗಳು ಆಗಲೇ ಚಾವಣಿಯ ನಡುವಿಗೆ ತಲುಪಿದ್ದಳು. ಔಷಧಿ ಅಂಗಡಿಯ ಕೌಂಟರಿನ ಹಿಂದೆ ನಿಂತು ಮಾತ್ರೆ ಕೊಡುವವಳು, ಹುಟ್ಟಿದಾಗಿನಿಂದ ಸ್ಟೂಲಿಗಿಂತ ಎತ್ತರ ಹತ್ತಿದವಳಲ್ಲ. ಅಮ್ಮನ ಬೂಟು ಹಾಕಿಕೊಂಡು, ಹೊಸ ಮುಚ್ಚಳವನ್ನು ಎದೆಗೆ ಅವಚಿಕೊಂಡು, ಮಂಡಿಯೂರಿ ಕುಳಿತಿದ್ದಳು. ಮುಖ ಬಿಳಿಚಿಕೊಂಡಿತ್ತು.

“ಇಳಿಯೇ!” ಏಣಿರಾಯರು ಕೂಗಿದರು. ಕೈಗಳು ತಾವಾಗಿಯೇ ಏಣಿ ಹಿಡಿದಿದ್ದವು. “ಯಾರು ಹತ್ತು ಅಂದ್ರು ನಿಂಗೆ? ಇಳಿ ಮೊದಲು!”

“ಅಮ್ಮನ ಕೆಲಸ ಅರ್ಧಕ್ಕೆ ಬಿಟ್ಟು ಅಮ್ಮನ್ನ ಹೇಗಪ್ಪಾ ಕಳಿಸ್ಲಿ? ಮಳೆ ಬಂದ್ರೆ ಪೂರ್ತಿ ಒಳಗೇ.”

ಹಿಂದೆಯೇ ಓಡಿಬಂದಿದ್ದ ಮೇಷ್ಟ್ರು ಕೈ ಮುಗಿದರು. “ನನ್ನ ಗಾಡಿ ಹಾಳಾಗಿ ಹೋಗ್ಲಿ, ಇಳಿಯಮ್ಮ ತಾಯಿ!”

ಮಗಳು ಮುಚ್ಚಳವನ್ನು ಇನ್ನೂ ಬಿಗಿಯಾಗಿ ಅವಚಿಕೊಂಡಳು. ಆಮೇಲೆ ಸಣ್ಣ ದನಿಯಲ್ಲಿ ಹೇಳಿದಳು: “ಅಪ್ಪಾ, ಈಗ ಕೆಳಗೆ ಲಟ್ ಅಂತು. ಅಲ್ಲಾಡೋಕೆ ಭಯ ಆಗ್ತಿದೆ.”

*

ಮದುವೆಯಾದ ಹೊಸದರಲ್ಲಿ ಹತ್ತುತ್ತಿದ್ದವರು ಏಣಿರಾಯರೇ. ಆಗಿನ್ನೂ ಅವರಿಗೆ ಆ ಹೆಸರಿರಲಿಲ್ಲ. ಒಂದು ದಿನ ಹಳೆಯ ಟ್ರೇಲರ್ ಒಂದರ ಮೇಲೆ ಅವರ ಕಾಲ ಕೆಳಗೆ ಚಾವಣಿ ತಗ್ಗಿತು. ಕುಸಿಯಲಿಲ್ಲ, ಒಂದು ಬೆರಳಿನಷ್ಟು ತಗ್ಗಿತು, ಅಷ್ಟೆ. ಅವರು ಅಲ್ಲೇ ಬೋರಲು ಬಿದ್ದು ಎರಡೂ ಕೈ ಚಾಚಿ ತಗಡನ್ನು ತಬ್ಬಿಕೊಂಡರು. ಬಿಸಿಲಿಗೆ ಕೆನ್ನೆ ಸುಡುತ್ತಿದ್ದರೂ ತಲೆ ಎತ್ತಲಾಗಲಿಲ್ಲ.

ಊಟದ ಡಬ್ಬಿ ತಂದ ಹೊಸ ಹೆಂಡತಿ ಕೆಳಗಿನಿಂದ ಕೂಗಿದಳು. “ಏನ್ರೀ, ಮೇಲೇ ನಿದ್ದೆನಾ?”

“ಅಲ್ಲಾಡೋಕಾಗ್ತಿಲ್ಲ ಕಣೇ.”

ಅವಳು ಡಬ್ಬಿ ಕೆಳಗಿಟ್ಟು, ಸೆರಗು ಬಿಗಿದು, ಸರಸರ ಹತ್ತಿ ಬಂದಳು. ಅವಳ ಭಾರಕ್ಕೆ ಆ ಚಾವಣಿ ಉಸಿರೂ ಎತ್ತಲಿಲ್ಲ. “ನನ್ನ ಪಾದ ನೋಡ್ಕೊಂಡು ಬನ್ನಿ. ಬೇರೇನೂ ನೋಡಬೇಡಿ,” ಎಂದು ಮುಂದೆ ಅಂಬೆಗಾಲಿಟ್ಟಳು. ಅವರು ಹಿಂದೆ ಅಂಬೆಗಾಲಿಟ್ಟರು. ನೆಲ ಸೇರಿದ ಮೇಲೂ ಅವರು ಏಣಿಯನ್ನು ಬಿಗಿಹಿಡಿದೇ ನಿಂತಿದ್ದರು. ಅಲ್ಲಿ ಅವಳು ನಗಲಿಲ್ಲ. ರಾತ್ರಿ ಊಟಕ್ಕೆ ಕುಳಿತಾಗ ನಕ್ಕಳು, ಎಷ್ಟು ನಕ್ಕಳೆಂದರೆ ಕುಡಿಯುತ್ತಿದ್ದ ನೀರು ನೆತ್ತಿಗೇರಿತು. ಕಣ್ಣು ಒರೆಸಿಕೊಂಡು, “ನಾಳೆಯಿಂದ ನೀವು ಕೆಳಗಿರಿ,” ಎಂದಳು. ಅಲ್ಲಿಗೆ ಅದು ತೀರ್ಮಾನವಾಯಿತು.

*

“ಹಲಗೆ ಎಲ್ಲಿ? ಹಲಗೆ ಹಾಕ್ಕೊಳ್ದೆ ಹೋದ್ಯಾ?” ಏಣಿರಾಯರು ಕೇಳಿದರು. ಮೇಲೆ ಕೆಲಸ ಮಾಡುವಾಗ ಹಗುರಮ್ಮ ಒಂದು ಉದ್ದನೆಯ ಹಲಗೆ ಹಾಸಿ ಅದರ ಮೇಲೆಯೇ ಮಂಡಿಯೂರುತ್ತಿದ್ದಳು. ಭಾರ ಒಂದೇ ಕಡೆ ಬೀಳದೆ ಹಂಚಿಹೋಗಲಿ ಎಂದು. ಅಂಥದ್ದು ಇದ್ದದ್ದು ಒಂದೇ.

ಮಗಳು ಕಣ್ಣಲ್ಲೇ ಮನೆಯ ಕಡೆ ತೋರಿಸಿದಳು. ಕೇಳಿದ ಮರುಕ್ಷಣ ಅವರಿಗೂ ನೆನಪಾಯಿತು. ಬೆಳಿಗ್ಗೆ ನೆರೆಯವರು ಅಂಗಳಕ್ಕೆ ಬಂದು ಉದ್ದನೆಯ ಹಲಗೆ ಇದೆಯೇ ಎಂದಾಗ ಅವರೇ ಬೆರಳು ತೋರಿಸಿದ್ದರು. ಹೆಂಡತಿ ಈಗ ಅದರ ಮೇಲೆ ಮಲಗಿದ್ದಳು.

ನಾದಿನಿ ಬಾಗಿಲಲ್ಲಿ ನಿಂತು ಅಳುಕುತ್ತಾ ಕೇಳಿದಳು: “ಅದನ್ನೇ ತೆಗೆಸ್ಲಾ ಭಾವ?”

“ಬೇಡ. ಮೂವತ್ತು ವರ್ಷಕ್ಕೆ ಈಗ ಬೆನ್ನು ನೆಟ್ಟಗೆ ಮಾಡಿದ್ದಾಳೆ.” ಆಮೇಲೆ ತಮಗೇ ಹೇಳಿಕೊಂಡಂತೆ, “ತೆಗೆದ್ರೂ ಮೇಲೆ ಕೊಡೋಕೆ ಇನ್ನೊಬ್ರು ಹತ್ಬೇಕು. ಚಾವಣಿ ತಡೆಯಲ್ಲ,” ಎಂದರು.

“ಅಪ್ಪಾ,” ಮಗಳು ಕರೆದಳು. ಗಾಳಿಗೆ ಅವಳ ಕೂದಲು ಬಾಯಿಗೆ ಬರುತ್ತಿತ್ತು. ತೆಗೆಯಲು ಕೈ ಎತ್ತುವ ಧೈರ್ಯವೂ ಅವಳಿಗಿರಲಿಲ್ಲ. “ಎಲ್ಲಿ ಮೆತ್ತಗಿದೆ ಅಂತ ಅಮ್ಮ ದಿನಾ ರಾತ್ರಿ ನಿಂಗೆ ಹೇಳ್ತಿದ್ಲಲ್ಲ. ಇದರಲ್ಲಿ ಎಲ್ಲಿ ಅಂದ್ಲು? ಬಾಗಿಲ ಕಡೆನಾ, ಕಿಟಕಿ ಕಡೆನಾ?”

ಏಣಿರಾಯರು ಅವಳ ಮುಖದಿಂದ ಕಣ್ಣು ಕೆಳಗಿಳಿಸಿದರು.

*

ದಿನಾ ರಾತ್ರಿ ಹೇಳುತ್ತಿದ್ದುದು ನಿಜ. ಊಟಕ್ಕೆ ಕೂತಾಗ ಅವಳು ಚಾವಣಿಯ ಸುದ್ದಿ ಹೇಳುವಳು, ಬೇರೆಯವರು ನೆಂಟರಿಷ್ಟರ ಸುದ್ದಿ ಹೇಳುವ ಹಾಗೆ. ಮುಂದೆ ಗಟ್ಟಿ, ಹಿಂದೆ ಗಟ್ಟಿ, ಮೂಲೆಯಲ್ಲಿ ಮರ ಕೊಳೆತಿದೆ, ಕೈಯಿಟ್ಟರೆ ಒಳಗೆ ಹೋಗುತ್ತದೆ. ಅವಳು ಹೇಳಿ ಮರೆಯುವಳು, ಇವರು ಮರೆಯುತ್ತಿರಲಿಲ್ಲ. ಮರುದಿನ ಕೆಳಗಿನಿಂದಲೇ “ಅಲ್ಲಿ ಬೇಡ್ವೇ!” ಎಂದು ಕೂಗುವುದು ಅದನ್ನು ನೆನಪಿಟ್ಟುಕೊಂಡೇ.

ನಿನ್ನೆ ಟಿವಿಯಲ್ಲಿ ಆಟದ ಕೊನೆಯ ಹತ್ತು ನಿಮಿಷ ನಡೆಯುತ್ತಿತ್ತು.

“ಮೇಷ್ಟ್ರ ಗಾಡಿ ಮೇಲ್ನೋಟಕ್ಕೆ ಚೆನ್ನಾಗಿದೆ ಕಣ್ರೀ, ಆದ್ರೆ ಗಂಡಿ ಪಕ್ಕದಲ್ಲೇ...” ಎಂದು ಅವಳು ಶುರು ಮಾಡಿದ್ದಳು. ಅವರು ಹ್ಞೂಂ ಎಂದರು. ಅವಳು ಮತ್ತೇನೋ ಹೇಳಿದಳು. ಅದಕ್ಕೂ ಹ್ಞೂಂ.

“ಕೇಳಿಸ್ತಾ?”

“ಕೇಳಿಸ್ತು ಮಾರಾಯ್ತಿ, ಇದೊಂಚೂರು ನೋಡೋಕೆ ಬಿಡು.”

ಅವಳು ತಟ್ಟೆ ತೊಳೆದಿಟ್ಟು ಬಂದಳು. ಯಾಕೋ ಎಡ ಹೆಗಲು ಎಳೆಯುತ್ತಿದೆ ಎಂದಳು. ಮಲಗು, ಸರಿಹೋಗುತ್ತೆ ಎಂದರು. ಅವಳು ಮಲಗಿದಳು. ಇಷ್ಟು ವರ್ಷ ಅವಳು ಮೇಲಿದ್ದಾಗಲೆಲ್ಲ ಹೆದರಿ ಸತ್ತವರು, ಅವಳು ಪಕ್ಕದಲ್ಲೇ ಮಲಗಿದ್ದ ಒಂದು ರಾತ್ರಿ ಮಾತ್ರ ಹೆದರದೆ ಗೊರಕೆ ಹೊಡೆದರು.

*

ಹಾಲ್‌ನಲ್ಲಿದ್ದವರೆಲ್ಲ ಈಗ ಅಂಗಳಕ್ಕೆ ಬಂದಿದ್ದರು. ಶವದ ಗಾಡಿಯ ಡ್ರೈವರ್ ಕೂಡ ಬಂದು, ಯಾರನ್ನು ಕೇಳುವುದೋ ತಿಳಿಯದೆ, ಕೀಲಿ ಹಿಡಿದು ನಿಂತಿದ್ದ. ಅಷ್ಟೂ ಜನರ ಎದುರು ಏಣಿರಾಯರು ಬಾಯಿ ತೆರೆದರು.

“ಹೇಳಿದ್ಲು ಮಗಳೇ. ನಾನು ಕೇಳಿಸ್ಕೊಳ್ಳಲಿಲ್ಲ.”

“ಅಂದ್ರೆ?”

“ಟಿವಿ ನೋಡ್ತಿದ್ದೆ.”

ಹಾಳೆ ಒಂದು ಕಡೆ ಪೂರ್ತಿ ಕಿತ್ತುಬಂದು ಗಾಳಿಯಲ್ಲಿ ಎದ್ದು ಮಗಳ ಮುಖಕ್ಕೆ ಬಡಿಯಿತು. ಅವಳು ಬೆಚ್ಚಿ ಹಿಂದಕ್ಕೆ ವಾಲಿದಳು. ಮತ್ತೆ ಲಟ್ ಎಂಬ ಸದ್ದು. ಕೆಳಗಿದ್ದ ಹೆಂಗಸರು ಕಿರುಚಿದರು.

ಹತ್ತಲೇ ಎಂದು ಏಣಿರಾಯರು ಒಂದು ಕಾಲು ಮೆಟ್ಟಿಲ ಮೇಲಿಟ್ಟರು. ತಮ್ಮ ಎಪ್ಪತ್ತೆಂಟು ಕಿಲೋ ನೆನಪಾಗಿ ತೆಗೆದರು. ಮೇಲೆ ಹೋದರೆ ಇಬ್ಬರೂ ಒಳಗೆ. ಮೇಲಿನಿಂದ ನೋಡುವವಳು ಹೋಗಿಯಾಯಿತು. ಇನ್ನು ಉಳಿದದ್ದು ಕೆಳಗಿನಿಂದ ಮುಟ್ಟಿ ನೋಡುವುದು.

“ಮೇಷ್ಟ್ರೇ, ಹಿಡೀರಿ ಇದನ್ನ. ಎರಡೂ ಕೈಲಿ. ಸೀನು ಬಂದ್ರೂ ಬಿಡಬೇಡಿ.”

ಯಾರಾದರೂ ಮೇಲಿರುವಾಗ ಅವರು ಏಣಿ ಬಿಟ್ಟಿದ್ದು ಅದೇ ಮೊದಲು. ಟ್ರೇಲರಿನ ಬಾಗಿಲು ತೆರೆದು ಒಳಗೆ ನುಗ್ಗಿದರು. ಮೇಷ್ಟ್ರ ಹೊಚ್ಚಹೊಸ ಹಾಸಿಗೆಯ ಮೇಲೆ ಮಣ್ಣುಗಾಲಲ್ಲೇ ಹತ್ತಿ ನಿಂತರು. ನೆತ್ತಿಯ ಮೇಲೇ ಚೌಕನೆಯ ಗಂಡಿ. ಅದರಾಚೆ ಕಪ್ಪು ಮೋಡ, ಮೋಡಕ್ಕೆ ಅಡ್ಡವಾಗಿ ಮಗಳ ಮುಖ.

“ಅಪ್ಪಾ.”

“ಇಲ್ಲೇ ಇದ್ದೀನಿ. ಉಸಿರಾಡು. ಅಲ್ಲಾಡಬೇಡ.”

ಅವರು ಎರಡೂ ಅಂಗೈಯನ್ನು ಚಾವಣಿಯ ಒಳಮೈಯ ತೆಳು ಹಲಗೆಗೆ ಒತ್ತಿ, ಗೋಡೆಗೆ ಸುಣ್ಣ ಸವರುವವರಂತೆ ನಿಧಾನವಾಗಿ ಸವರುತ್ತಾ ಹೋದರು. ಬಾಗಿಲ ಕಡೆ ಗಟ್ಟಿ. ಹಿಂದೆ ಗಟ್ಟಿ. ಕಿಟಕಿ ಕಡೆ ತಿರುಗಿದಾಗ ಗಂಡಿಯ ಪಕ್ಕದಲ್ಲೇ ಹೆಬ್ಬೆರಳು ನೆನೆದ ಬ್ರೆಡ್ಡಿಗೆ ಒತ್ತಿದ ಹಾಗೆ ಒಳಗೆ ಇಳಿಯಿತು. ಕಂದು ಪುಡಿ ಉದುರಿ ಕಣ್ಣಿಗೆ ಬಿತ್ತು.

“ನಿನ್ನ ಎಡ ಮಂಡಿ ಎಲ್ಲಿದೆ?”

“ಗಂಡಿ ಪಕ್ಕ. ಕಿಟಕಿ ಕಡೆ.”

ಸರಿಯಾಗಿ ಅದರ ಮೇಲೇ ಇತ್ತು. ಏಣಿರಾಯರು ತಕ್ಷಣ ಎರಡೂ ಅಂಗೈಯನ್ನು ಅಲ್ಲಿಗೆ ಕೊಟ್ಟು ಮೊಣಕೈ ನೆಟ್ಟಗೆ ಮಾಡಿದರು. ಮಗಳ ಭಾರ ತೋಳಿನುದ್ದಕ್ಕೂ ಇಳಿದು ಬಂತು.

“ಈಗ ಬಾಗಿಲ ಕಡೆ ಸರಿದು ಇಳಿದುಬಿಡು. ಅಲ್ಲಿ ಗಟ್ಟಿ ಇದೆ.”

ಗಂಡಿಯಲ್ಲಿ ಮಗಳ ಮುಖ ಅವರನ್ನೇ ನೋಡಿತು. “ಆ ಕಡೆಯಿಂದ ಈ ಸ್ಕ್ರೂಗಳು ಎಟುಕಲ್ಲ ಅಪ್ಪಾ. ಇಲ್ಲೇ ಕೂತು ಹಾಕ್ಬೇಕು. ನೀನು ಹಿಡ್ಕೊಂಡಿರ್ತೀಯಾ?”

ಇಲ್ಲ ಎನ್ನಲು ಅವರಿಗೆ ನೂರು ಕಾರಣಗಳಿದ್ದವು, ನೂರೂ ಬಾಯಿಗೆ ಬಂದಿದ್ದವು.

“ಹಿಡ್ಕೊಂಡಿದ್ದೀನಿ. ಬೇಗ ಹಾಕು.”

ಮುಖ ಸರಿಯಿತು. ಮುಚ್ಚಳ ಬಂದು ಕೂತಿತು, ಮೋಡವೂ ಮರೆಯಾಯಿತು. ಒಳಗೆ ಕತ್ತಲಾಯಿತು. ಮೇಲೆ ಸ್ಕ್ರೂ ತಿರುಗುವ ಕಿರಕಿರ ಶುರುವಾಯಿತು. ಪ್ರತಿ ತಿರುವಿಗೂ ಮಂಡಿ ಒತ್ತುತ್ತಿತ್ತು, ಪ್ರತಿ ಒತ್ತಿಗೂ ಹಲಗೆ ಅವರ ಬೆರಳುಗಳ ನಡುವೆ ಒಂದಿಷ್ಟು ಬಿರಿಯುತ್ತಿತ್ತು. ತೋಳು ಅದುರತೊಡಗಿತು. ಮೊದಲ ಮಳೆಹನಿ ತಗಡಿನ ಮೇಲೆ ಬಿತ್ತು.

ಬಾಗಿಲಲ್ಲಿ ಡ್ರೈವರ್ ಇಣುಕಿದ. “ಸಾರ್, ಹೊತ್ತಾಯ್ತು. ಎತ್ತೋದಾ?”

“ಇರಪ್ಪ,” ಎಂದರು ಏಣಿರಾಯರು. ಕಣ್ಣಿಗೆ ಬಿದ್ದ ಪುಡಿ ನೀರಾಗಿ ಕೆನ್ನೆಯ ಮೇಲೆ ಇಳಿಯುತ್ತಿತ್ತು, ಒರೆಸಲು ಕೈ ಬಿಡುವಿರಲಿಲ್ಲ. “ಮಗಳು ಮೇಲಿದ್ದಾಳೆ.”

ಡ್ರೈವರ್ ಅವರ ತೋಳು ನೋಡಿದ. ಮೇಲೆ ನೋಡಿದ. ಕೀಲಿಯನ್ನು ಜೇಬಿಗೆ ಹಾಕಿ, ಬೂಟು ಕಳಚಿ ಹಾಸಿಗೆ ಹತ್ತಿ, ತನ್ನ ಎರಡು ಕೈಯನ್ನೂ ಅವರ ಕೈಗಳ ಪಕ್ಕಕ್ಕೆ ಕೊಟ್ಟ. ಅವನ ಹಿಂದೆ, ಹೆಣಕ್ಕೆ ಹೆಗಲು ಕೊಡಲೆಂದು ಬಂದಿದ್ದವರು ಒಬ್ಬೊಬ್ಬರಾಗಿ ತಲೆ ತಗ್ಗಿಸಿ ಒಳಗೆ ಬಂದರು. ನಾದಿನಿಯೂ ಬಂದಳು. ಜಾಗವಿಲ್ಲದ ಜಾಗದಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತು, ಮೇಲೆ ನೋಡುತ್ತಾ ಕೈ ಎತ್ತಿದರು. ಮೇಲೆ ಮಂಡಿ ಒಂದು ಗೇಣು ಆಚೆ ಸರಿಯಿತು. ಕೆಳಗೆ ಕತ್ತಲಲ್ಲಿ ಅಷ್ಟೂ ಅಂಗೈಗಳು ಅದರ ಜೊತೆ ಸರಿದವು.